ನನಗಿಂತ ಮೊದಲು ಬಂದವಳು

ದೆವ್ವ, ಮೈಮೇಲೆ ಬರುವುದು, ಒಬ್ಬರೇ ಎರಡು ಕಡೆ ಕಾಣಿಸಿಕೊಳ್ಳುವುದು, ಇಂಥವನ್ನೆಲ್ಲ ನಾನು ನಂಬಿದವಳಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಯಾರಾದರೂ ಹೇಳಲು ಬಂದರೆ ನಕ್ಕುಬಿಡುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ನಗುವುದನ್ನು ಬಿಟ್ಟಿದ್ದೇನೆ.

ನನ್ನ ಮಗಳು ಗೌರಿಬಿದನೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ದಿನ ತುಂಬುವ ಮೊದಲೇ ಹುಟ್ಟಿದಳು. ಸಿಸೇರಿಯನ್ನಿನ ಮಂಪರಿನಲ್ಲಿದ್ದ ನಾನು ಅವಳ ಮುಖವನ್ನು ಸರಿಯಾಗಿ ನೋಡುವ ಮೊದಲೇ ಅವಳನ್ನು ಆಂಬುಲೆನ್ಸಿನಲ್ಲಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ರಕ್ತದಲ್ಲಿ ಸೋಂಕು ಕಾಣಿಸಿತು. ಕೊಟ್ಟ ಆಂಟಿಬಯಾಟಿಕ್ ಯಾವುದೂ ನಾಟಲಿಲ್ಲ. ಈ ರೋಗಾಣು ಮಾಮೂಲಿ ಔಷಧಿಗಳಿಗೆ ಬಗ್ಗುವುದಿಲ್ಲವೆಂದು ಕಲ್ಚರ್ ರಿಪೋರ್ಟ್ ಬಂತು. ಉಳಿದಿದ್ದ ಒಂದೇ ಔಷಧಿ ತರಲು ನನ್ನ ಗಂಡ ಬೆಂಗಳೂರಿಗೆ ಓಡಿದರು.

ಇಲ್ಲಿ ಗೌರಿಬಿದನೂರಿನಲ್ಲಿ ನನಗೆ ವಿಪರೀತ ಜ್ವರ. ಹೊಲಿಗೆ ಕೀವು ಕಟ್ಟಿ, ಎದ್ದು ಕೂರಲೂ ಆಗುತ್ತಿರಲಿಲ್ಲ. ಪಕ್ಕದ ಮಂಚದಲ್ಲಿ ನಗರಗೆರೆಯ ಹುಡುಗಿಯೊಬ್ಬಳು ತನ್ನ ಮಗುವಿಗೆ ಹಾಲು ಕುಡಿಸುತ್ತಿದ್ದಳು. "ಸಾಕಾಗೋಯ್ತು ಕಣಕ್ಕಾ, ಒಂದು ಗಳಿಗೆ ಮಲಗಕ್ಕೆ ಬಿಡಲ್ಲ ಇದು" ಎಂದು ನನಗೇ ದೂರು ಹೇಳುತ್ತಿದ್ದಳು. ನಾನು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದೆ. ನನ್ನ ಹಾಲನ್ನು ಹಿಂಡಿ ಚೆಲ್ಲಬೇಕಾಗಿತ್ತು. ದೂರದಲ್ಲಿ ನನ್ನ ಮಗಳ ಬಟ್ಟೆ ಬದಲಿಸುವ ನರ್ಸುಗಳನ್ನು ನೆನೆದರೂ ಹೊಟ್ಟೆಕಿಚ್ಚು. ಗಂಡ ಬೆಂಗಳೂರಿಗೆ ಹೋದ ಆ ಮಧ್ಯಾಹ್ನ, ಪಕ್ಕದ ಮಗುವಿನ ಅಳು ಕೇಳುತ್ತಲೇ ನನಗೆ ಜೋಂಪು ಹತ್ತಿತು. ಕನಸೇನೂ ಬೀಳಲಿಲ್ಲ. ಅತ್ತೆ ನನ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಅಲ್ಲೇ ಕೂತಿದ್ದರು.

ಜ್ವರ ಇಳಿದ ಮೇಲೆ ಅತ್ತೆಯ ಜೊತೆ ಚಿಕ್ಕಬಳ್ಳಾಪುರಕ್ಕೆ ಹೋದೆ. ಅಷ್ಟರಲ್ಲಿ ಮಗು ಚೇತರಿಸಿಕೊಳ್ಳುತ್ತಿತ್ತು. ಶಿಶುಗಳ ವಾರ್ಡಿನ ಬಾಗಿಲಲ್ಲಿದ್ದ ಸಿಸ್ಟರ್ ನನ್ನನ್ನು ನೋಡಿ ನಕ್ಕರು.

"ಬನ್ನಿ ಅಮ್ಮ. ಅವತ್ತು ಬಂದೋರು ಆಮೇಲೆ ಈ ಕಡೆ ತಲೇನೇ ಹಾಕಲಿಲ್ವಲ್ಲ?"

"ನಾನು ಬರ್ತಿರೋದೇ ಇವತ್ತು ಸಿಸ್ಟರ್."

"ಏನಮ್ಮ ಹಂಗಂತೀರ! ಯಜಮಾನ್ರು ಔಷಧಿ ತರಕ್ಕೆ ಹೋಗಿದ್ದ ಮಧ್ಯಾಹ್ನ ಬಂದಿದ್ರಲ್ಲ. ನಾನೇ ಕೈ ತೊಳೆಸಿ, ಗೌನ್ ಹಾಕ್ಸಿ ಒಳಗೆ ಬಿಟ್ಟಿದ್ದು. ಮಗು ನಿಮ್ಮ ಬೆರಳು ಹಿಡ್ಕೊಂಡು ಬಿಡ್ಲೇ ಇಲ್ಲ. ಮೊದಲ್ನೇ ಸಲ ಕಣ್ಣು ಬಿಟ್ಟು ನೋಡಿದ್ದೂ ಆಗ್ಲೇ."

ಬೇರೆ ಯಾವುದೋ ತಾಯಿಯ ಜೊತೆ ಗೊಂದಲ ಮಾಡಿಕೊಂಡಿದ್ದಾರೆ ಅಂದುಕೊಂಡೆ. ಆಗ ಅವರೇ ಹೇಳಿದರು: "ಮಿಂಚು, ಮಿಂಚು ಅಂತ ಕರೀತಿದ್ರಿ. ಈಗ ನಾವೂ ಹಂಗೇ ಕರೀತೀವಿ."

ಹೊಟ್ಟೆಯಲ್ಲಿದ್ದ ಮಗುವಿಗೆ ಆ ಹೆಸರನ್ನು ನಾನು ಮನಸ್ಸಿನಲ್ಲೇ ಇಟ್ಟಿದ್ದೆ. ಗಂಡನಿಗೂ ಹೇಳಿರಲಿಲ್ಲ.

"ನಿನ್ ಪ್ರಾಣಾನೇ ಹೋಗಿ ಬಂದೈತೆ ಕಣಮ್ಮ" ಎಂದು ಅತ್ತೆ ಕೈಮುಗಿದರು. ಕೊನೆಗೆ ತಂದ ಔಷಧಿ ನಾಟಿತು ಎಂದರು ಡಾಕ್ಟರು. ಮಗಳು ಉಳಿದದ್ದು ಔಷಧಿಯಿಂದಲೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಈಗ ಅವಳು ಸ್ಕೂಲಿಗೆ ಹೋಗುತ್ತಾಳೆ. ಆ ದಿನ ಬಂದವಳು ಯಾರೆಂದು ನನಗೆ ಇವತ್ತಿಗೂ ತಿಳಿದಿಲ್ಲ. ನಾನೇ ಆಗಿದ್ದರೆ ನನಗೇಕೆ ಒಂದಿಷ್ಟೂ ನೆನಪಿಲ್ಲ? ಬೇರೆ ಯಾರೋ ಆಗಿದ್ದರೆ ಅವಳಿಗೆ ನಾನು ಕೈಮುಗಿಯಬೇಕು. ಅದು ಮಾತ್ರ ನನ್ನಿಂದ ಆಗುವುದಿಲ್ಲ. ನನ್ನ ಮಗಳು ಮೊದಲು ಕಣ್ಣುಬಿಟ್ಟು ನೋಡಿದ್ದು ಅವಳನ್ನು.