ಅವ್ವನ ಪಾಲಿನ ಸಿಗರೇಟು

ಹೊರದೇಶದಿಂದ ಬರುವ ವಯಸ್ಕರು ತಲಾ ನೂರು ಸಿಗರೇಟು ಸುಂಕವಿಲ್ಲದೆ ತರಬಹುದು. ಅಂದರೆ ಇಪ್ಪತ್ತರ ಐದು ಪಾಕೀಟು. ಗಂಡಸರು ಮಾತ್ರ ಎಂದು ಆ ನಿಯಮದಲ್ಲಿ ಎಲ್ಲೂ ಬರೆದಿಲ್ಲ. ಆದರೆ ಶಾರ್ಜಾದಿಂದ ಹೈದರಾಬಾದಿಗೆ ಬರುವ ನಮ್ಮ ಕಡೆಯ ಗಂಡಸರ ಲೆಕ್ಕವೇ ಬೇರೆ. ಹೆಂಡತಿಯ ಪಾಲು, ತಂಗಿಯ ಪಾಲು, ಪಕ್ಕದ ಸೀಟಿನ ಗುರುತಿಲ್ಲದ ನರ್ಸಿನ ಪಾಲು, ಎಲ್ಲ ಅವರದೇ. "ನೀವೇನ್ ಸೇದ್ತೀರೇನ್ರಿ ಅಕ್ಕಾರ, ಇಷ್ಟು ನಿಮ್ಮ ಚೀಲದಾಗ ಇರ್ಲಿ" ಎಂದು ವಿಮಾನದಲ್ಲೇ ನನ್ನನ್ನು ಒಬ್ಬ ಕೇಳಿದ್ದ. ಆಗುವುದಿಲ್ಲ ಎಂದು ಮುಖ ತಿರುಗಿಸಿದ್ದೆ.

ಇಳಿದ ಮೇಲೆ, ಜೊತೆಗೇ ಬಂದಿದ್ದ ಅಣ್ಣನೂ ಅದನ್ನೇ ಕೇಳಿದ. ಶಾರ್ಜಾದಲ್ಲಿ ಅವನು ಡ್ರೈವರ್, ನಾನು ನರ್ಸ್. ನನಗದು ಮೊದಲ ರಜೆ.

"ತಂಗಿ, ಈ ಐದು ನಿನ್ನ ಬ್ಯಾಗಿನಾಗ ಹಾಕ್ಕೋ. ಅಪ್ಪನ ಎಡಿಗಿ ಬೇಕು, ಕಾಕಾಗೂ ತರ್ತೀನಿ ಅಂದೀನಿ."

"ನನ್ನ ಪಾಲು ತುಂಬ್ಯಾದ ಅಣ್ಣಾ."

"ಯಾರಿಗಿ ತಂದಿ?"

"ಅವ್ವಗ."

ಅವ್ವ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದಳು, ಅಪ್ಪನೂ ಇರಲಿಲ್ಲ. ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಬದುಕಿದ್ದಾಗ ಇಷ್ಟಪಟ್ಟದ್ದನ್ನು ಇಡಬೇಕು. ಅಪ್ಪನಿಗೆ ಸಿಗರೇಟು, ಅಜ್ಜನಿಗೆ ಬಾಟ್ಲಿ. ಹೆಂಗಸರಿಗೆ ಮಾತ್ರ ಸೀರೆ, ಬಳೆ, ಕುಂಕುಮ. ಅವರಿಗೆ ಏನು ಇಷ್ಟವಿತ್ತೆಂದು ಕೇಳಿದವರಿಲ್ಲ.

ನಮ್ಮವ್ವ ಸೇದುತ್ತಿದ್ದಳು. ಅಪ್ಪ ಅರ್ಧ ಸೇದಿ ಗೋಡೆಗೆ ಒತ್ತಿ ಬಿಸಾಕಿದ ತುಂಡನ್ನು ಎತ್ತಿಕೊಂಡು ಹೋಗಿ, ದನದ ಕೊಟ್ಟಿಗೆಯಲ್ಲಿ ಕೂತು ಸೇದುತ್ತಿದ್ದಳು. ಹೊಗೆ ಅಂಗಳದ ತನಕ ಬಂದರೂ ಮನೆಯ ಗಂಡಸರಿಗೆ ಕಾಣುತ್ತಿರಲಿಲ್ಲ. ನಾನು ಶಾರ್ಜಾಕ್ಕೆ ಹೊರಟ ದಿನ ಅಲ್ಲಿಗೇ ಕರೆದು, "ಬರಬೇಕಾರ ಒಂದು ಪಾಕೀಟ್ ತಾ. ಯಾರೂ ಬಾಯಿಗಿ ಹಚ್ಚಿರದ್ದು ಒಂದರೆ ಸೇದಿ ನೋಡ್ತೀನಿ" ಅಂದಳು. ಸಿಗರೇಟು ಎದೆಗೆ ಏನು ಮಾಡುತ್ತದೆಂದು ನನಗೆ ಯಾರೂ ಪಾಠ ಹೇಳಬೇಕಿಲ್ಲ, ದಿನಾ ನೋಡುತ್ತೇನೆ. ಸತ್ತವಳಿಗೆ ಆ ಭಯವೂ ಇಲ್ಲ.

ಕಸ್ಟಮ್ಸ್‌ನವನು ಅಣ್ಣನ ಚೀಲ ತೆರೆಸಿದ. ಹತ್ತು ಪಾಕೀಟು ಸಿಕ್ಕವು. ಅಣ್ಣ ಹಿಂದೆಮುಂದೆ ನೋಡದೆ ಐದು ನಮ್ಮ ತಂಗಿಯವು ಎಂದುಬಿಟ್ಟ. ಆಗ ನನ್ನ ಚೀಲವೂ ಮೇಜಿಗೇರಿತು. ಅದರಲ್ಲಿ ನನ್ನ ಐದು ಇದ್ದವು.

"ನೀವು ಸೇದುತ್ತೀರಾ?" ಅಧಿಕಾರಿ ನಗುತ್ತ ಹಿಂದಿಯಲ್ಲಿ ಕೇಳಿದ.

"ಅದನ್ನು ಕೇಳಬೇಕೆಂದು ನಿಯಮದಲ್ಲಿದೆಯೇ?" ನಾನೂ ಹಿಂದಿಯಲ್ಲೇ ಕೇಳಿದೆ.

ಅವನ ನಗು ಇಳಿಯಿತು. ನನ್ನ ಐದು ನನ್ನ ಚೀಲಕ್ಕೆ ಮರಳಿದವು. ಅಣ್ಣನ ಹೆಚ್ಚಿನ ಐದು ಅಲ್ಲೇ ಉಳಿದವು. ಯಾದಗಿರಿ ತನಕ ಅವನು ನನ್ನಿಂದ ದೂರದ ಸೀಟಿನಲ್ಲಿ ಕೂತ.

ಅಮಾವಾಸ್ಯೆಯ ದಿನ, ಸುರಪುರದ ಹತ್ತಿರದ ನಮ್ಮೂರ ಮನೆಯಲ್ಲಿ, ಅವ್ವನ ಎಡೆಯ ಮುಂದೆ ಬಳೆಗಳ ಪಕ್ಕ ಒಂದು ಪಾಕೀಟು ಇಟ್ಟೆ. ಕಾಕಾ ಸಿಡಿದೆದ್ದ.

"ಏ, ತಗಿ ಅದನ್ನ! ಊರಾಗ ಮರ್ಯಾದಿ ಏನು ಉಳೀತದ?"

"ತಗ್ಯಾಂಗಿಲ್ಲ ಕಾಕಾ. ಅಪ್ಪಗ ಇಟ್ಟರ ಹೋಗದ ಮರ್ಯಾದಿ ಅವ್ವಗ ಇಟ್ಟರ ಹೆಂಗ ಹೋಗ್ತದ?"

"ಅವ್ವ ಸೇದ್ತಿದ್ದಿಲ್ಲ ಬಿಡು," ಅಂದ ಅಣ್ಣ, ನೆಲ ನೋಡುತ್ತ.

ನನಗೆ ಸಿಟ್ಟು ನೆತ್ತಿಗೇರಿತು. "ಮತ್ತ ಕೊಟ್ಟಿಗ್ಯಾಗ ಎಮ್ಮಿ ಸೇದ್ತಿತ್ತೇನು?"

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ನಾನು ಪಾಕೀಟು ಒಡೆದು ಒಂದನ್ನು ತೆಗೆದೆ, ಕಡ್ಡಿ ಗೀರಿ ಹಚ್ಚಿ ಎಲೆಯ ಅಂಚಿಗೆ ಇಟ್ಟೆ. ಆರಿಸಲು ಕಾಕಾ ಕೈ ಚಾಚಿದ. ಅವನ ಕೈಗೆ ನನ್ನ ಕೈ ಅಡ್ಡ ಹಿಡಿದೆ. ಹಿಂದಕ್ಕೆ ತೆಗೆಯಲಿಲ್ಲ.

ಎಲ್ಲರೂ ಬಾಗಿಲ ಬಳಿ ಕೂತಿದ್ದ ಅತ್ತೆಯ ಕಡೆ ತಿರುಗಿದರು. ಅಪ್ಪನ ಅಕ್ಕ ಅವಳು, ಕಾಕಾ ಕೂಡ ಎದುರಾಡದ ಮುದುಕಿ. ಅವಳು ನನ್ನನ್ನೂ ನೋಡಲಿಲ್ಲ, ಕಾಕಾನನ್ನೂ ನೋಡಲಿಲ್ಲ. ಅವಳ ಕಣ್ಣು ಉರಿಯುವ ಸಿಗರೇಟಿನ ಮೇಲಿತ್ತು.

"ಅಕಿ ಒಬ್ಬಾಕಿನೇ ಕುಂಡ್ರತಿದ್ದಿಲ್ಲ ಕೊಟ್ಟಿಗ್ಯಾಗ," ಅಂದಳು. "ನನ್ನ ಎಡಿ ಇಡೋ ತನಕ ಕಾಯಿಸಬ್ಯಾಡ ಮಗಳ. ತಾ ಇಲ್ಲೊಂದು."

ಮನೆಯ ಗಂಡಸರೆಲ್ಲರ ಎದುರು ಕೈ ಚಾಚಿದಳು.