ಪಕ್ಕದ ಮನೆಯ ಅನುಮಾನ

ಅವರ ಎಡ ಹುಬ್ಬು ಬಲ ಹುಬ್ಬಿಗಿಂತ ಯಾವಾಗಲೂ ಒಂದು ಕಾಳಿನಷ್ಟು ಮೇಲೆಯೇ ಇರುತ್ತಿತ್ತು. ನೀವು ಏನೇ ಹೇಳಿ, ಅದರಲ್ಲಿ ಅರ್ಧ ಸುಳ್ಳು ಅಂತ ಆ ಹುಬ್ಬು ಮೊದಲೇ ತೀರ್ಮಾನಿಸಿಬಿಟ್ಟಿರುತ್ತಿತ್ತು. ಎಂಬತ್ತರ ದಶಕದಲ್ಲಿ ನಾವು ಅಮೆರಿಕದ ಮೌಂಟನ್ ವ್ಯೂನ ಅಪಾರ್ಟ್‌ಮೆಂಟಿನಲ್ಲಿದ್ದಾಗ ಪಕ್ಕದ ಮನೆ ಅವರದು. ಧಾರವಾಡದವರು, ಮಗನ ಜೊತೆಗಿದ್ದರು. ನನಗಿಂತ ದೊಡ್ಡವರು, ನಾನು ಅಕ್ಕಾ ಅನ್ನುತ್ತಿದ್ದೆ.

ಗ್ರೋಸರಿಗೆ ಕರೆದುಕೊಂಡು ಹೋದರೆ ನನ್ನ ಮಾನ ಹೋಗುತ್ತಿತ್ತು. ಬ್ರೆಡ್ಡು ಹಿಡಿದು, "ಇದರಾಗ ತತ್ತಿ ಹಾಕ್ಯಾರೇನು, ಆ ಹುಡುಗಿನ್ನ ಕೇಳು," ಅನ್ನುವರು. ಅಂಗಡಿಯ ಹುಡುಗಿ ಮೊಟ್ಟೆ ಹಾಕಿಲ್ಲ ಅಂದರೆ, "ನಗಲಿಕ್ಕತ್ತಾಳ ನೋಡು, ಹಾಕ್ಯಾರ!" ಎಂದು ಬ್ರೆಡ್ಡನ್ನು ಅಲ್ಲೇ ಇಟ್ಟುಬಿಡುವರು. ಅವರ ಮೇಲೆ ನನಗೂ ಒಂದು ಗುಮಾನಿ ಇತ್ತು. ನಮ್ಮ ಮನೆಯ ಸುದ್ದಿ ಉಳಿದ ಕನ್ನಡದ ಮನೆಗಳಿಗೆ ಹೋಗುವುದು ಇವರಿಂದಲೇ ಅಂದುಕೊಂಡಿದ್ದೆ.

ಒಂದು ಶುಕ್ರವಾರ ಕುಂಕುಮಕ್ಕೆ ಕರೆದರು. "ಹೊರಗಾಗಿದೀನಿ ಅಕ್ಕಾ, ಬರೋಕಾಗಲ್ಲ," ಅಂದೆ. ಮುಟ್ಟಾಗಿದ್ದೇನೆ, ದೇವರ ಹತ್ತಿರ ಬರುವ ಹಾಗಿಲ್ಲ ಅಂತ ಅರ್ಥ. ಮುಂದಿನ ತಿಂಗಳು ಕರೆದಾಗಲೂ ಅದನ್ನೇ ಹೇಳಿದೆ. ಮರುದಿನ ಬಂದು ಬಾಗಿಲಲ್ಲೇ ನಿಂತರು.

"ನಿಂತು ಮೂರು ವರ್ಷಾತು ಅಂತ ನೀನ ಹೇಳಿದ್ದಿ. ಈಗ ಹೊರಗಾಗೀನಿ ಅಂತಿ. ನಮ್ಮನಿಗೆ ಬರಲಿಕ್ಕೆ ಮನಸಿಲ್ಲಂದ್ರ ಸೀದಾ ಹೇಳು, ಸುಳ್ಳ್ಯಾಕ?"

ನನಗೂ ಸಿಟ್ಟು ಬಂತು. "ಸುಳ್ಳಲ್ಲ ಅಕ್ಕಾ! ನಿಂತಿದ್ದು ಮತ್ತೆ ಶುರುವಾಗಿದೆ. ಉಷ್ಣಕ್ಕಿರಬೇಕು, ಮಜ್ಜಿಗೆ ಕುಡೀತಿದೀನಿ."

ಅವರ ಮುಖ ಇಳಿದುಹೋಯಿತು. ದನಿ ತಗ್ಗಿಸಿ, "ನಿಂತದ್ದು ಹಂಗ ತಿರುಗಿ ಬರಂಗಿಲ್ಲ ತಂಗಿ. ಇದು ಬ್ಯಾರೆ ಏನೋ ಅದ. ನಡಿ, ಡಾಕ್ಟರ್ ಕಡೆ ಹೋಗೂಣು," ಅಂದರು.

ಗರ್ಭಕೋಶದ ಒಳಪದರದಲ್ಲಿ ಕ್ಯಾನ್ಸರ್ ಇತ್ತು. ಇನ್ನೂ ಹರಡಿರಲಿಲ್ಲ. ಆಪರೇಷನ್ ಮಾಡಿ ಗರ್ಭಕೋಶ ತೆಗೆದರು. ಅದು ಮುಗಿದರೂ ಭಯ ಮುಗಿಯಲಿಲ್ಲ. ಸೊಂಟ ನೊಂದರೆ ಅನುಮಾನ, ಹಸಿವಾಗದಿದ್ದರೆ ಅನುಮಾನ. ನನ್ನ ಮೈಯನ್ನೇ ನಾನು ನಂಬದ ಹಾಗಾಯಿತು. ಪ್ರತಿ ಚೆಕಪ್ಪಿಗೂ ಅಕ್ಕ ಜೊತೆಗೆ ಬಂದರು. ಡಾಕ್ಟರು ಎಲ್ಲ ಚೆನ್ನಾಗಿದೆ ಅಂದರೆ, "ಇಷ್ಟು ಲಗೂನ ಹ್ಯಾಂಗ ಗೊತ್ತಾತು? ಇನ್ನೊಮ್ಮೆ ನೋಡಂತ ಹೇಳು," ಅನ್ನುವರು. ನಾನು ನಾಚಿಕೊಂಡು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ, ಡಾಕ್ಟರು ನಗುತ್ತ ಇನ್ನೊಮ್ಮೆ ನೋಡುತ್ತಿದ್ದರು. ಆ ಎರಡನೆಯ ಸಲದ ನಂತರವೇ ನನ್ನ ಎದೆ ತಣ್ಣಗಾಗುತ್ತಿದ್ದದ್ದು. ಕನ್ನಡದ ಒಂದು ಮನೆಗೂ ಸುದ್ದಿ ಹೋಗಲಿಲ್ಲ. ಕೇಳಿದವರಿಗೆಲ್ಲ ಅಕ್ಕ "ಅಕಿಗೆ ಬೆನ್ನು ಹಿಡದದ" ಅಂದಿದ್ದರಂತೆ.

ಅಕ್ಕನ ಮಗ ಮಾರ್ಗನ್ ಹಿಲ್‌ ಎಂಬ ಊರಲ್ಲಿ ಮನೆ ಕೊಂಡ ಮೇಲೆ ಅವರೂ ಅಲ್ಲಿಗೆ ಹೋದರು. ಎರಡನೇ ವರ್ಷ ಅವನ ಫೋನು ಬಂತು. ಬೆಳಿಗ್ಗೆ ಎಬ್ಬಿಸಲು ಹೋದರೆ ಏಳಲಿಲ್ಲವಂತೆ. "ಅವ್ವಗ ಏನೂ ತ್ರಾಸ ಆಗಿಲ್ಲರಿ ಕಾಕು, ನಿದ್ದಿಯೊಳಗ ಹೋಗ್ಯಾಳ," ಅಂದ.

ಅವರ ಅನುಮಾನದಿಂದ ಉಳಿದ ಜೀವ ನನ್ನದು. ಈಗ ಯಾರು ಏನಂದರೂ ನಾನು ಎರಡೆರಡು ಸಲ ಕೇಳುತ್ತೇನೆ, ಮನೆಯವರ ಹತ್ತಿರ ಬೈಸಿಕೊಳ್ಳುತ್ತೇನೆ. ತ್ರಾಸ ಆಗಿಲ್ಲ ಅಂತ ಆ ಹುಡುಗ ಹೇಳಿದ್ದನ್ನು ಮಾತ್ರ ಇವತ್ತಿನವರೆಗೂ ಎರಡನೇ ಸಲ ಕೇಳಿಲ್ಲ. ಕೇಳುವ ಧೈರ್ಯ ನನಗಿಲ್ಲ.