ದೋನ್ಯಾ ಚೋಲೆಯ ಬಕೆಟ್ಟು

ದೋನ್ಯಾ ಚೋಲೆ ನಮ್ಮ ಆಫೀಸು ಕಟ್ಟಡದಲ್ಲಿ ಕಕ್ಕಸು ತೊಳೆಯುವವಳು; ದೋನ್ಯಾ ಅನ್ನುವುದು ಹಿರಿಯಳೆಂದು ಎಲ್ಲರೂ ಕೊಡುವ ಮರ್ಯಾದೆ. ನಾನು ಅಲ್ಲೇ ಒಂಬತ್ತನೇ ಮಹಡಿಯಲ್ಲಿ ಕಾಫಿ ಮಾಡುವವಳು. ಇಬ್ಬರೂ ಊರಂಚಿನ ಇಸ್ತಪಲಾಪದ ಒಂದೇ ಬೀದಿಯವರು, ಬೆಳಿಗ್ಗೆ ಒಂದೇ ಮೆಟ್ರೋದಲ್ಲಿ ನಿಂತು ಬರುವವರು. ಅವಳ ಬಗ್ಗೆ ಹೇಳಬೇಕಾದರೆ ಬಕೆಟ್ಟಿನಿಂದಲೇ ಶುರುಮಾಡಬೇಕು.

ನಮ್ಮ ಬೀದಿಯಲ್ಲಿ ನಲ್ಲಿ ಇರುವುದು ಗೋಡೆಯ ಅಂದಕ್ಕೆ. ನೀರಿನ ಟ್ಯಾಂಕರ್ ಬಂದ ದಿನ ಡ್ರಮ್ಮು ತುಂಬಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಮೈ ತೊಳೆದ ನೀರು ಬಟ್ಟೆಗೆ, ಬಟ್ಟೆ ಒಗೆದ ನೀರು ನೆಲಕ್ಕೆ, ನೆಲ ಒರೆಸಿದ ನೀರು ಕಕ್ಕಸಿಗೆ. ಮಕ್ಕಳು ಒಂದು ಚೊಂಬು ನೀರನ್ನು ಸುಮ್ಮನೆ ಮೋರಿಗೆ ಚೆಲ್ಲಿದರೂ ಬೆನ್ನಿಗೆ ಬೀಳುತ್ತದೆ. ಚೋಲೆ ಇದರಲ್ಲಿ ನಮಗೆಲ್ಲ ಗುರು.

ನಾವು ದುಡಿಯುವುದು ಹಸಿರು ಕಟ್ಟಡದಲ್ಲಿ. ನೀರು ಉಳಿಸುತ್ತದೆಂದು ಅದಕ್ಕೆ ಪ್ರಮಾಣಪತ್ರ ಬೇರೆ ಸಿಕ್ಕಿದೆ. ಕೈ ಒಡ್ಡಿದರೆ ಮಾತ್ರ ನಲ್ಲಿ ಸಣ್ಣ ಎಳೆ ಬಿಡುತ್ತದೆ. ಗಂಡಸರು ನಿಂತು ಮೂತ್ರ ಮಾಡುವ ಬೇಸಿನ್ನುಗಳಿಗಂತೂ ನೀರಿನ ಪೈಪೇ ಇಲ್ಲ. ತಳದ ಡಬ್ಬಿಯಲ್ಲಿ ನೀಲಿ ಎಣ್ಣೆ ಇರುತ್ತದೆ. ಮೂತ್ರ ಅದರಡಿಗೆ ಇಳಿದು ಹೋಗುತ್ತದೆ, ಎಣ್ಣೆ ಮೇಲೆ ತೇಲಿ ವಾಸನೆ ತಡೆಯುತ್ತದೆ. ಎಣ್ಣೆ ನೋಡಿಕೊಳ್ಳುವವನು ಪೈಪು ರಿಪೇರಿಯ ನಬೋರ್. ಅವನೂ ನಮ್ಮ ಕಡೆಯವನೇ, ಹಿಂದಿನ ಬೀದಿ.

ಚೋಲೆಗೆ ಯಾರೂ ಇದನ್ನು ಹೇಳಿರಲಿಲ್ಲ. ಗಂಡಸರ ಕಕ್ಕಸು ಅವಳ ಪಾಲಿಗೆ ಬಂದ ವಾರವೇ ಮೆಟ್ರೋದಲ್ಲಿ ನನಗಂದಿದ್ದಳು: "ಪಾಪ ಕಣೇ, ಆ ಬೇಸಿನ್‌ಗಳಿಗೆ ಒಂದು ಹನಿ ನೀರು ಕಾಣ್ಸೋರಿಲ್ಲ. ನೆಲ ಒರೆಸೋ ಬಟ್ಟೆ ಜಾಲಿಸಿದ ನೀರಿರತ್ತಲ್ಲ, ಅದನ್ನೇ ದಿನಾ ಹುಯ್ತೀನಿ."

ಆಮೇಲೆ ವಾಸನೆ ಶುರುವಾಯಿತು. ಎಂಥ ವಾಸನೆ! ಲಿಫ್ಟಿನಿಂದ ಇಳಿದವರು ಮೂಗು ಹಿಡಿದುಕೊಂಡೇ ಓಡುತ್ತಿದ್ದರು. ನಬೋರ್ ಎಣ್ಣೆ ಹಾಕದೆ ಮಾರಿಕೊಳ್ಳುತ್ತಿದ್ದಾನೆ, ಶುಕ್ರವಾರ ಅವನನ್ನು ಕೆಲಸದಿಂದ ತೆಗೆಯುತ್ತೇನೆ ಎಂದು ಕಟ್ಟಡದ ಉಸ್ತುವಾರಿಯ ಇಂಜಿನಿಯರ್ ಅರಿಸ್ಮೆಂದಿ ಎಲ್ಲರೆದುರೇ ಹೇಳಿದ. ನಬೋರ್‌ನ ಹೆಂಡತಿ ತುಂಬು ಬಸುರಿ. ಬೇರೆ ಕೆಲಸ ಹುಡುಕಿಕೊಂಡು ಅಲೆಯುವ ಹೊತ್ತೇ ಅದು?

ಅವನು ನನ್ನ ಕಾಫಿ ಕೋಣೆಗೆ ಬಂದು ಕೂತ. ಚೋಲೆ ಅಲ್ಲೇ ಕಾಫಿಯಲ್ಲಿ ಸಿಹಿ ಬನ್ನು ಅದ್ದಿಕೊಂಡು ತಿನ್ನುತ್ತಿದ್ದಳು.

"ಮೊನ್ನೆ ತಾನೆ ಹಾಕಿದ್ದು ದೋನ್ಯಾ, ಇವತ್ತು ನೋಡಿದ್ರೆ ಒಂದು ತೊಟ್ಟೂ ಇಲ್ಲ. ದೆವ್ವ ಏನಾದ್ರೂ ಕುಡೀತಿದೆಯಾ?"

"ಏನು ಹಾಕಿದ್ದು?"

"ಎಣ್ಣೆ. ಒಂದೇ ಸಲ ಜಾಸ್ತಿ ನೀರು ಬಿದ್ರೆ ಕೊಚ್ಕೊಂಡು ಹೋಗತ್ತೆ. ಆದ್ರೆ ಅಲ್ಲಿಗೆ ನೀರು ಎಲ್ಲಿಂದ ಬರ್ಬೇಕು?"

ಚೋಲೆಯ ಬನ್ನು ಕಾಫಿಯೊಳಗೇ ಮುಳುಗಿಹೋಯಿತು. ಅವನು ಎದ್ದು ಹೋದ ಮೇಲೆ ನಾನೇ ಅಂದೆ, "ಬಾಯ್ಮುಚ್ಕೊಂಡಿರು. ನಾಳೆಯಿಂದ ಹುಯ್ಬೇಡ, ವಾಸನೆ ತಾನಾಗೇ ಹೋಗತ್ತೆ."

"ವಾಸನೆ ಹೋಗೋದ್ರೊಳಗೆ ಅವನೇ ಹೋಗಿರ್ತಾನಲ್ಲೇ," ಅಂದವಳು ಬಕೆಟ್ಟು ಎತ್ತಿಕೊಂಡು ಹೊರಟೇಬಿಟ್ಟಳು. ನಾನು ಒಲೆ ಆರಿಸಿ ಹಿಂದೆಯೇ ಓಡಿದೆ. ಏಳನೇ ಮಹಡಿಯ ಗಂಡಸರ ಕಕ್ಕಸಿನಲ್ಲಿ ಅರಿಸ್ಮೆಂದಿ ನಬೋರ್‌ನನ್ನು ನಿಲ್ಲಿಸಿಕೊಂಡು ಬೈಯುತ್ತಿದ್ದ.

"ಸಾಹೇಬ್ರೇ, ಅವನನ್ನ ಬಿಡಿ. ಇದಕ್ಕೆ ದಿನಾ ನೀರು ಹುಯ್ದೋಳು ನಾನು."

"ನೀರಾ? ನೀರು ಉಳಿಸಿ ಅಂತ ಅಷ್ಟು ದೊಡ್ಡ ಬೋರ್ಡ್ ಇದೆ, ಕಣ್ಣು ಕಾಣಲ್ವಾ?"

"ಉಳಿಸಿದ ನೀರನ್ನೇ ಹುಯ್ದೆ, ಸಾಹೇಬ್ರೇ."

ನಬೋರ್ ಅವಳ ಕಡೆ ತಿರುಗಿ ಸಿಡಿದ. "ಹೊಟ್ಟೆಗೆ ಅನ್ನ ಇಳೀತಿಲ್ಲ ನಂಗೆ! ನನ್ನ ಕಳ್ಳ ಅಂತಿದ್ರು! ನೀವು ಆರಾಮಾಗಿ ಬನ್ನು ತಿಂತಾ ಕೂತಿದ್ರಲ್ಲ ದೋನ್ಯಾ!" ಚೋಲೆ ತಲೆ ತಗ್ಗಿಸಿ ನಿಂತಳು. ಅವಳು ಹಾಗೆ ನಿಂತದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಆಯ್ತು ನಬೋರ್, ನಿನ್ನ ಕೆಲಸ ಎಲ್ಲೂ ಹೋಗಲ್ಲ," ಎಂದ ಅರಿಸ್ಮೆಂದಿ. "ಮೊದ್ಲು ಇವಳ ಕೈಲಿರೋ ಆ ಬಕೆಟ್ ಕಿತ್ಕೊಂಡು ಚೆಲ್ಲು."

ನಬೋರ್ ಕಿತ್ತುಕೊಂಡ. ಅರ್ಧ ಬಕೆಟ್ಟು ಬಟ್ಟೆ ಜಾಲಿಸಿದ ನೀರು. ನೆಲದ ಜಾಲರಿಯ ಮೇಲೆ ಎತ್ತಿ ಹಿಡಿದ, ಇಳಿಸಿದ. ಕೈತೊಳೆಯುವ ಬೇಸಿನ್ನಿನ ಕಡೆ ತಿರುಗಿದ, ಅಲ್ಲೂ ನಿಂತ. ಅಲ್ಲಿದ್ದ ಒಂದೇ ಕಮೋಡಿನ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು.

"ಏನಯ್ಯಾ? ಚೆಲ್ಲು ಅಂದ್ನಲ್ಲ?"

ಅವನು ಬಕೆಟ್ಟು ತುಳುಕದಂತೆ ಹಿಡಿದುಕೊಂಡು ನಮ್ಮನ್ನು ದಾಟಿ ಹೊರಗೆ ಹೋದ, ಹೆಂಗಸರ ಕಕ್ಕಸಿನ ಬಾಗಿಲು ತಟ್ಟಿದ, ಒಳಗೆ ಯಾರೂ ಇಲ್ಲವೆಂದು ನೋಡಿ ಕಮೋಡಿಗೆ ಸುರಿದ. ಗೊಳಗೊಳ ಸದ್ದು ನಮಗೂ ಕೇಳಿಸಿತು.

ಚೋಲೆ ಏಪ್ರನ್ನಿನ ತುದಿಯಲ್ಲಿ ಕಣ್ಣೊರೆಸಿಕೊಂಡಳು. "ನಿಂಗೂ ಸುಮ್ನೆ ಚೆಲ್ಲೋಕೆ ಕೈ ಬರ್ಲಿಲ್ಲ ಅಲ್ವೇನೋ?"

"ಸುಮ್ನಿರಿ ದೋನ್ಯಾ," ಎಂದು ಗದರಿ, ನಬೋರ್ ಖಾಲಿ ಬಕೆಟ್ಟನ್ನು ಮತ್ತೆ ಅವಳ ಕೈಗೇ ಕೊಟ್ಟ.